ಉತ್ತರದ ಹಿಮನಾಡಿಗೆ ಬೇಸಿಗೆಯ ಮೊದಲ ಹಡಗು



ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ತಂದೆತಾಯಿಯನ್ನು ಕರೆಸಿಕೊಳ್ಳುತ್ತಾರೆ. ಹೋದವರು ಮೊಮ್ಮಕ್ಕಳೊಡನೆ ಎರಡು ಮೂರು ತಿಂಗಳಿದ್ದು, ನಯಾಗರ ಜಲಪಾತ ನೋಡಿ, ಅಲ್ಲಿನ ಜಿನಮಂದಿರದ ದರ್ಶನ ಮಾಡಿ ಹಿಂದಿರುಗುತ್ತಾರೆ. ಈಗ ಮಕ್ಕಳು ಇನ್ನೊಂದು ಹೆಸರನ್ನೂ ಹೇಳತೊಡಗಿದ್ದಾರೆ. ಅದು ಅಲಾಸ್ಕ. ಹಡಗಿನಲ್ಲಿ ಏಳು ದಿನ, ಬಳಿಕ ರೈಲಿನಲ್ಲಿ ಕಾಡಿನೊಳಗೆ ನಾಲ್ಕೈದು ದಿನ. ಸಿಯಾಟಲ್‌ನಲ್ಲಿರುವ ನಮ್ಮ ಮಗನೂ ಬರುವ ಮೇ ತಿಂಗಳಿಗೆ ನಮ್ಮನ್ನು ಕರೆದಿದ್ದಾನೆ. ನಾವಿನ್ನೂ ಹೋಗಿಲ್ಲ. ಆದರೆ ಆರು ತಿಂಗಳಿಂದ ನಕ್ಷೆ ಹರಡಿಕೊಂಡು ಕೂತಿದ್ದೇವೆ. ಕಲೆಹಾಕಿದ ವಿಷಯ ನಾಲ್ಕು ಮನೆಗಳಿಗೆ ಉಪಯೋಗವಾಗಲೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ವ್ಯಾಪಾರಸ್ಥರಾದ ನಮಗೆ ಆ ನಾಡಿನ ಇತಿಹಾಸವೇ ಒಂದು ಪಾಠ. 1867ರಲ್ಲಿ ಅಮೆರಿಕ ಸರಕಾರ ಅಲಾಸ್ಕವನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿತು. ಲೆಕ್ಕ ಹಾಕಿದರೆ ಎಕರೆಗೆ ಸುಮಾರು 2 ಸೆಂಟು. ಬರಿಯ ಮಂಜುಗಡ್ಡೆ ಕೊಂಡರೆಂದು ಆಗ ಜನ ನಕ್ಕರು. 1896ರಲ್ಲಿ ಪಕ್ಕದ ಕೆನಡಾದ ಕ್ಲೊಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. ಸುಮಾರು 1 ಲಕ್ಷ ಜನ ಮನೆಮಠ ಬಿಟ್ಟು ಹೊರಟರು. ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಯವರೆಗೆ ಮುಟ್ಟಲೇ ಇಲ್ಲ. ಒಬ್ಬೊಬ್ಬನೂ ಒಂದು ವರ್ಷದ ದಿನಸಿ ತರದಿದ್ದರೆ ಗಡಿ ದಾಟಿಸುವುದಿಲ್ಲವೆಂದು ಕೆನಡಾದ ಪೊಲೀಸರು ನಿಯಮ ಮಾಡಿದ್ದರು. ಸಾಮಾನೆಲ್ಲ ಸೇರಿ ತಲೆಗೊಂದು ಟನ್ನಿನಷ್ಟಾಗುತ್ತಿತ್ತು. ಹಿಟ್ಟು, ಬೇಳೆ, ಕಂಬಳಿ, ಸಲಿಕೆ ಮಾರಿದ ಸಿಯಾಟಲ್‌ನ ಅಂಗಡಿಯವರು ಉದ್ಧಾರವಾದರು. ಅಗೆದವರಿಗಿಂತ ಸಲಿಕೆ ಮಾರಿದವರೇ ಲಾಭ ಕಂಡ ಕಥೆ ಇದು. ನಮ್ಮ ಹಿರಿಯರು ಕೇಳಿದ್ದರೆ ಮೀಸೆಯಲ್ಲೇ ನಗುತ್ತಿದ್ದರು.

ಇನ್ನು ಹೊರಡುವ ಕಾಲದ ಮಾತು. ಅಲ್ಲಿ ಹಡಗುಗಳು ಏಪ್ರಿಲ್ ಕೊನೆಗೆ ಆರಂಭವಾಗಿ ಅಕ್ಟೋಬರ್ ಹೊತ್ತಿಗೆ ನಿಲ್ಲುತ್ತವೆ. ಹೆಚ್ಚಿನವರು ಜುಲೈ, ಆಗಸ್ಟ್‌ನಲ್ಲಿ ಹೋಗುತ್ತಾರೆ. ನಮ್ಮಂಥವರಿಗೆ ಅದು ಸಲ್ಲದು. ಆಷಾಢದಲ್ಲಿ ಚಾತುರ್ಮಾಸ ಕೂಡುತ್ತದೆ. ಆಮೇಲೆ ದೂರ ಪ್ರಯಾಣ ಮಾಡಲು ಮನೆಯ ಹಿರಿಯರು ಒಪ್ಪರು. ಜೂನ್ ಬಂದರೆ ನಮ್ಮ ರೊದ್ದಂ, ಹಿಂದೂಪುರ, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬಿತ್ತನೆಯ ಗಡಿಬಿಡಿ. ಮಂಡಿ ಬಿಟ್ಟು ಬರುವ ಹಾಗಿಲ್ಲ. ಅಕ್ಷಯ ತದಿಗೆ ಮುಗಿದ ಮೇಲೆ, ಬಿತ್ತನೆ ಬಿರುಸಾಗುವ ಮೊದಲು, ಮೇ ನಡುವಿನಿಂದ ಮೂರು ನಾಲ್ಕು ವಾರ ನಮಗೆ ಬಿಡುವು. ಅದೇ ಅಲ್ಲಿನ ಹಂಗಾಮಿನ ಆರಂಭ.

ಈ ಆರಂಭದ ಕಾಲಕ್ಕೆ ಲಾಭವೂ ಇದೆ, ನಷ್ಟವೂ ಇದೆ. ಜನ ಕಡಿಮೆ, ದರವೂ ನಡುಬೇಸಿಗೆಗಿಂತ ಇಳಿದಿರುತ್ತದೆ. ಬೆಟ್ಟಗಳ ಮೇಲೆ ಹಿಮ ಇನ್ನೂ ಬೆಳ್ಳಗಿರುತ್ತದೆ. ಸೊಳ್ಳೆಗಳ ಕಾಟ ಶುರುವಾಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮಳೆ ಕಡಿಮೆ. ಆ ತೀರದ ಕೆಚಿಕನ್ ಊರಿಗೆ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ. ನಮ್ಮ ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ 550ರ ಆಸುಪಾಸು. ನಮ್ಮ ಏಳು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆಂದಾಯಿತು! ವರ್ಷದ ಕೊನೆಗೆ ಹೋಲಿಸಿದರೆ ಮೇ, ಜೂನ್ ತಿಂಗಳುಗಳೇ ಒಣ ತಿಂಗಳುಗಳು. ನಷ್ಟವೆಂದರೆ ಚಳಿ ಇರುತ್ತದೆ, ಕೆಲವು ಕಾಲುದಾರಿಗಳಲ್ಲಿ ಹಿಮ ಕರಗಿರುವುದಿಲ್ಲ, ಒಳನಾಡಿನ ಕೆಲವು ಸೌಕರ್ಯಗಳು ಮೇ 20ರ ಹೊತ್ತಿಗಷ್ಟೇ ಬಾಗಿಲು ತೆರೆಯುತ್ತವೆ.

ಈ ಕೊನೆಯ ಅಂಶವೇ ನಮ್ಮ ಯೋಜನೆಯ ಕೀಲಿ. ಸಮುದ್ರತೀರ ಬೇಗ ಬೆಚ್ಚಗಾಗುತ್ತದೆ, ಒಳನಾಡು ತಡವಾಗಿ. ಆದ್ದರಿಂದ ಮೇ ತಿಂಗಳಲ್ಲಿ ಹೋಗುವವರು ಮೊದಲು ಹಡಗು, ಆಮೇಲೆ ಕಾಡು ಎಂದಿಟ್ಟುಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಹೋಗುವವರಿಗೆ ಇದು ತಿರುವುಮುರುವು.

ಹಡಗಿನ ದಾರಿ ಎರಡು. ಒಂದು, ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿಯುವುದು. ಮಕ್ಕಳ ಮನೆ ಅಲ್ಲೇ ಇದ್ದರೆ ಸಲೀಸು. ಆದರೆ ಈ ಹಡಗುಗಳು ಸಾಮಾನ್ಯವಾಗಿ ತೆರೆದ ಸಾಗರದಲ್ಲಿ ಸಾಗುವುದರಿಂದ ಅಲೆಗಳ ಹೊಡೆತ ಹೆಚ್ಚು. ಡೆನಾಲಿ ಕಾಡು ಈ ದಾರಿಯಲ್ಲಿ ಸಿಗುವುದಿಲ್ಲ. ಇನ್ನೊಂದು, ಕೆನಡಾದ ವ್ಯಾಂಕೂವರ್‌ನಲ್ಲಿ ಹತ್ತಿ ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಉತ್ತರಕ್ಕೆ ಸಾಗಿ, ಏಳನೆಯ ದಿನ ಸೀವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿಯುವುದು. ಅಲ್ಲಿಂದ ಆಂಕರೇಜ್, ರೈಲಿನಲ್ಲಿ ಡೆನಾಲಿ, ಕೊನೆಗೆ ಫೇರ್‌ಬ್ಯಾಂಕ್ಸ್‌ನಿಂದ ವಿಮಾನ. ನಾವು ಆರಿಸಿದ್ದು ಇದನ್ನೇ.

ಎರಡು ದಾರಿಯಲ್ಲೂ ಒಂದು ಎಚ್ಚರಿಕೆ ಬೇಕು. 1886ರ ಅಮೆರಿಕದ ಕಾಯಿದೆಯಂತೆ ವಿದೇಶಿ ಹಡಗು ಅಮೆರಿಕದಲ್ಲೇ ಹತ್ತಿಸಿಕೊಂಡು ಅಮೆರಿಕದಲ್ಲೇ ಇಳಿಸುವುದಾದರೆ ನಡುವೆ ಪರದೇಶದ ಬಂದರನ್ನು ಮುಟ್ಟಲೇಬೇಕು. ಅದಕ್ಕಾಗಿ ಸಿಯಾಟಲ್ ಹಡಗುಗಳೂ ಕೆನಡಾದ ವಿಕ್ಟೋರಿಯದಂಥ ಬಂದರಿನಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾ ಸಾಲದು, ಕೆನಡಾದ ವೀಸಾ ಬೇರೆ ಬೇಕು. ಎರಡಕ್ಕೂ ತಿಂಗಳುಗಟ್ಟಲೆ ಹಿಡಿಯಬಹುದು. ಒಂದು ವರ್ಷ ಮುಂಚೆಯೇ ಅರ್ಜಿ ಹಾಕುವುದು ಜಾಣತನ. ಅಲ್ಲಿ ಕೆಲಸದಲ್ಲಿರುವ ಮಕ್ಕಳೂ ಗಡಿ ದಾಟುವ ಮೊದಲು ತಮ್ಮ ಕಾಗದಪತ್ರಗಳನ್ನು ತಿಳಿದವರಿಗೆ ತೋರಿಸಿಕೊಳ್ಳಲಿ.

ದಾರಿಯಲ್ಲಿ ಕಾಣುವುದೇನು? ಜೂನೋ ಆ ರಾಜ್ಯದ ರಾಜಧಾನಿ, ಆದರೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗು ಇಲ್ಲವೇ ವಿಮಾನ. ಅದರ ಪಕ್ಕದ ಮೆಂಡನ್‌ಹಾಲ್ ಹಿಮನದಿಯನ್ನು ಬಸ್ಸಿನಲ್ಲಿ ಹೋಗಿ ನೋಡಬಹುದು. ವರ್ಷ ವರ್ಷವೂ ಅದು ಹಿಂದೆ ಸರಿಯುತ್ತಿದೆ. ಸ್ಕಾಗ್‌ವೇಯಲ್ಲಿ ಚಿನ್ನದ ಕಾಲದ ಪುಟ್ಟ ರೈಲಿದೆ. 1898ರಲ್ಲಿ ಹಳಿ ಹಾಕಲು ಹಿಡಿದು 1900ರಲ್ಲಿ ಮುಗಿಸಿದರು. 20 ಮೈಲಿಯೊಳಗೆ ಸುಮಾರು 2,865 ಅಡಿ ಏರುತ್ತದೆ. ಮಂಡಿನೋವಿನವರು ಕುಳಿತಲ್ಲೇ ಬೆಟ್ಟ ಹತ್ತಬಹುದು. ಗ್ಲೇಷಿಯರ್ ಬೇ ಎಂಬ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅಪ್ಪಣೆ. ಟಿಕೇಟು ಕೊಳ್ಳುವ ಮುಂಚೆ ನಮ್ಮ ಹಡಗು ಒಳಗೆ ಹೋಗುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಡೆನಾಲಿ ಉದ್ಯಾನದಲ್ಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರವಿದೆ, 20,310 ಅಡಿ. 2015ರಲ್ಲಿ ಶಿಖರಕ್ಕೆ ಡೆನಾಲಿ ಎಂದು ಸರಕಾರಿ ಹೆಸರಾಯಿತು, 2025ರಲ್ಲಿ ಮತ್ತೆ ಮೆಕ್‌ಕಿನ್ಲಿ ಎಂದು ಮಾಡಿದರು. ಉದ್ಯಾನದ ಹೆಸರು ಮಾತ್ರ ಡೆನಾಲಿಯೇ. ಮೋಡದ ಕಾರಣ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಷ್ಟೇ ಶಿಖರ ಕಾಣುತ್ತದಂತೆ. ಅದಕ್ಕಾಗಿ ಒಂದು ರಾತ್ರಿಯ ಬದಲು ಎರಡು ರಾತ್ರಿ ತಂಗುವುದು ಲೇಸು. ಕಾಡಿನ ರಸ್ತೆ 92 ಮೈಲಿ ಉದ್ದ. ಬೇಸಿಗೆಯಲ್ಲಿ ಸ್ವಂತ ಕಾರಿಗೆ ಮೊದಲ 15 ಮೈಲಿ ಮಾತ್ರ, ಮುಂದೆ ಉದ್ಯಾನದ ಬಸ್ಸು. 2021ರ ಆಗಸ್ಟ್‌ನಲ್ಲಿ 43ನೆಯ ಮೈಲಿಯ ಬಳಿಕ ಗುಡ್ಡ ಜರಿದು ಮುಂದಿನ ರಸ್ತೆಯನ್ನು ಮುಚ್ಚಿದರು. ಹೊರಡುವ ವರ್ಷ ಬಸ್ಸು ಎಲ್ಲಿಯವರೆಗೆ, ಯಾವ ತಾರೀಖಿನಿಂದ ಎಂದು ವಿಚಾರಿಸಿಯೇ ಮುಂದುವರಿಯಿರಿ.

ಆ ಕಾಡಿನ ಒಂದು ನಿಯಮ ನಮಗೆ ಬಹಳ ಹಿಡಿಸಿತು. ಕರಡಿಯಿಂದ 300 ಗಜ, ಮೂಸ್ ಎಂಬ ದೊಡ್ಡ ಜಿಂಕೆಯಿಂದ 25 ಗಜ ದೂರವಿರಬೇಕು. ಮೇ ಕೊನೆಗೆ ಮೂಸ್‌ಗಳು ಮರಿ ಹಾಕುವ ಕಾಲ, ಬಸ್ಸಿನಿಂದಲೇ ಮರಿಗಳು ಕಾಣಬಹುದು. ಜೀವಿಗಳನ್ನು ಅವುಗಳ ಪಾಡಿಗೆ ಬಿಟ್ಟು ದೂರದಿಂದ ನೋಡುವ ಪ್ರವಾಸ ನಮ್ಮವರಿಗೆ ಒಪ್ಪುವಂಥದ್ದು. ಮೀನು ಹಿಡಿಸುವ ವಿಹಾರಗಳನ್ನೂ ತುಪ್ಪಳದ ಅಂಗಡಿಗಳನ್ನೂ ಬಿಟ್ಟುಬಿಡಿ. ಬಂದರಿನ ಬೀದಿಗಳಲ್ಲಿ ಆಭರಣದಂಗಡಿಗಳ ಸಾಲೇ ಇದೆ. ಅಲ್ಲಿ ಗಿರಾಕಿಯಾಗಿ ನಿಂತಾಗ ನಾವೂ ವ್ಯಾಪಾರಸ್ಥರೆಂಬುದನ್ನು ಮರೆಯಬಾರದು.

ಈಗ ನಮ್ಮ ಮನೆಯಲ್ಲಿ ಚರ್ಚೆಗೆ ಬಂದ ವಿಷಯ. ನಮ್ಮ ಜೊತೆ ಅಕ್ಕನವರಿದ್ದಾರೆ. ವಯಸ್ಸು 74. ಭಾವನವರು ಹೋದ ಮೇಲೆ ನಮ್ಮಲ್ಲೇ ಇದ್ದು ನಮ್ಮ ಮಕ್ಕಳನ್ನು ಎತ್ತಿ ಆಡಿಸಿದವರು. ಕಂದಮೂಲ ಮುಟ್ಟುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಅವರನ್ನು ಕರೆದೊಯ್ದರೆ ಅವರಿಗೂ ಕಷ್ಟ, ನಮಗೂ ಕಷ್ಟ, ಹದಿನೈದು ದಿನ ನೆಂಟರ ಮನೆಯಲ್ಲಿ ಬಿಡೋಣವೆಂದು ಮನೆಯ ಕಿರಿಯರೊಬ್ಬರು ಅಂದರು. ಅಕ್ಕನವರು ಕೇಳಿಯೂ ಕೇಳದಂತೆ ಇದ್ದರು. ಅವರ ಸೀರೆಯ ಪೆಟ್ಟಿಗೆ ಮಾತ್ರ ಮತ್ತೆ ಅಟ್ಟಕ್ಕೆ ಹೋಯಿತು. ಅದನ್ನು ನೋಡಿದ ಮೇಲೆ ನಾವು ಒಂದೊಂದೇ ಅಡ್ಡಿಯನ್ನು ಬರೆದಿಟ್ಟು ವಿಚಾರಿಸಿದೆವು.

ಊಟ: ದೊಡ್ಡ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಜೈನ ಊಟವೆಂದು ಬುಕಿಂಗ್ ಕಾಲದಲ್ಲೇ ಬರೆದು ತಿಳಿಸಿ ಒಪ್ಪಿಗೆ ಪಡೆಯಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ, ಮೊಟ್ಟೆ ಬೇಡವೆಂದು ಒಂದೊಂದಾಗಿ ಹೇಳಬೇಕು. ಸಸ್ಯಾಹಾರವೆಂದರೆ ಸಾಲದು. ಕೇಕಿನಲ್ಲಿ ಮೊಟ್ಟೆ, ಸಾರಿನಲ್ಲಿ ಮಾಂಸದ ರಸ, ಜೆಲ್ಲಿಯಲ್ಲಿ ಜೆಲಟಿನ್ ಇರುತ್ತವೆ. ಹತ್ತಿದ ದಿನವೇ ಊಟದ ಮನೆಯ ಮುಖ್ಯಸ್ಥರನ್ನು ಕಂಡರೆ ಮರುದಿನದ ಅಡಿಗೆಯನ್ನು ಹಿಂದಿನ ಸಂಜೆಯೇ ಕೇಳಿಕೊಳ್ಳುತ್ತಾರೆ. ಕ್ಯಾಬಿನ್‌ನಲ್ಲಿ ಒಲೆ, ಕುಕ್ಕರ್ ಹಚ್ಚುವಂತಿಲ್ಲ, ಬೆಂಕಿಯ ಭಯ. ಅವಲಕ್ಕಿ, ಹುರಿಟ್ಟು, ನಮ್ಮೂರ ಕಡಲೆಬೀಜದ ಚಟ್ನಿಪುಡಿಯಂಥ ಒಣ ಪದಾರ್ಥಗಳನ್ನು ಮೊಹರಾದ ಪೊಟ್ಟಣಗಳಲ್ಲಿ ಒಯ್ಯಿರಿ. ಅಮೆರಿಕದಲ್ಲಿ ಇಳಿಯುವಾಗ ಅವನ್ನು ತಪ್ಪದೆ ಘೋಷಿಸಿ. ಹಸಿ ಹಣ್ಣು ತರಕಾರಿ ಬೇಡ. ನೀರು ಸೋಸುವ ಬಟ್ಟೆಗೆ ಯಾರ ಅಡ್ಡಿಯೂ ಇಲ್ಲ.

ಹೊತ್ತು: ಇದೇ ಸೋಜಿಗ. ಮೇ ನಡುವೆ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 9 ಕಾಲಕ್ಕೆ, ಆಂಕರೇಜ್‌ನಲ್ಲಿ ಹತ್ತೂವರೆಗೆ. ಮೇ ಕೊನೆಗೆ ಡೆನಾಲಿಯಲ್ಲಿ 11 ದಾಟುತ್ತದೆ. ಹಾಗಾದರೆ ರಾತ್ರಿ ಹತ್ತಕ್ಕೆ ಉಂಡರೂ ವ್ರತಭಂಗವಿಲ್ಲವೇ? ನಮ್ಮ ಮಗ ದೂರವಾಣಿಯಲ್ಲಿ, "ಅತ್ತೆ, ಅಲ್ಲಿ ನಿಮಗೆ ಅನುಕೂಲವೇ" ಎಂದ. ಅಕ್ಕನವರು ಹೇಳಿದರು: "ಸೂರ್ಯ ಇದ್ದಾನಂತ ಹತ್ತು ಗಂಟೆಗೆ ಉಣ್ಣೋದು ವ್ರತವಲ್ಲಪ್ಪ, ಲೆಕ್ಕದ ಜಾಣತನ. ನಂಗೆ ಆರು ಗಂಟೆ ಅಂದ್ರೆ ಆರು ಗಂಟೆ." ಹಡಗಿನಲ್ಲಿ ರಾತ್ರಿಯೂಟಕ್ಕೆ ಎರಡು ಪಂಕ್ತಿ ಇರುವಲ್ಲಿ ಮೊದಲನೆಯದು ಸಾಮಾನ್ಯವಾಗಿ ಐದೂಕಾಲು, ಐದೂವರೆಗೆ. ಬುಕಿಂಗ್ ದಿನವೇ ಅದನ್ನು ಕೇಳಿ ಹಿಡಿದಿದ್ದೇವೆ. ತಡಮಾಡಿದರೆ ಸಿಗುವುದಿಲ್ಲ.

ಮಂಡಿನೋವು: ವೈದ್ಯರಿಗೆ ತೋರಿಸಿದ್ದಾಯಿತು. ನಿಧಾನವಾಗಿ ನಡೆಯಬಹುದು, ಮೆಟ್ಟಿಲು ಕಡಿಮೆ ಇರಲಿ ಎಂದರು. ಲಿಫ್ಟಿಗೆ ಹತ್ತಿರದ ಕ್ಯಾಬಿನ್ ಹಿಡಿದೆವು. ಸಣ್ಣ ದೋಣಿಗೆ ಹತ್ತಿ ಇಳಿಯುವ ವಿಹಾರಗಳನ್ನು ಕೈಬಿಟ್ಟೆವು.

ಖರ್ಚಿನಲ್ಲಿ ಟಿಕೇಟಿನ ದರ ಅರ್ಧ ಮಾತ್ರವೆಂದು ತಿಳಿಯಿರಿ. ಸೇವಕರ ಭಕ್ಷೀಸು, ಬಂದರಿನ ವಿಹಾರಗಳು, ವಿಮಾನ, ವಿಮೆ ಬೇರೆ ಬೇರೆ. ವಿಮೆಯಲ್ಲಿ ಬಿಪಿ, ಸಕ್ಕರೆ ಇದ್ದದ್ದನ್ನು ಮುಚ್ಚಿಡಬೇಡಿ. ಹಡಗಿನ ವೈದ್ಯರ ಬಿಲ್ಲೂ ಡಾಲರಿನಲ್ಲೇ. ಮಾತ್ರೆಗಳು ಕೈಚೀಲದಲ್ಲಿರಲಿ. ಇಲ್ಲಿನ ಏಜೆಂಟರಿಂದ ಪ್ಯಾಕೇಜು ಕೊಂಡರೆ ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು. ಪೂರ್ತಿ ಹಣವನ್ನು ಸಾಮಾನ್ಯವಾಗಿ ಹೊರಡುವ ಮೂರು ತಿಂಗಳ ಮುಂಚೆ ಕಟ್ಟಬೇಕು. ಅಲ್ಲಿಯವರೆಗೆ ರದ್ದುಪಡಿಸಿದರೆ ಎಷ್ಟು ಹಿಂದಕ್ಕೆ ಬರುತ್ತದೆಂದು ಕಾಗದದಲ್ಲಿ ಓದಿಕೊಳ್ಳಿ.

ಬಟ್ಟೆಯಲ್ಲಿ ಮೂರು ಪದರ: ಒಳಗೆ ಥರ್ಮಲ್, ನಡುವೆ ಸ್ವೆಟರ್, ಮೇಲೆ ಮಳೆಯಂಗಿ. ನಮ್ಮಲ್ಲಿ ಪೆನ್ನಾರಿನ ಮರಳು ಸುಡುವಾಗ ಅಲ್ಲಿ ಹಗಲು ಹತ್ತು ಹದಿನೈದು ಡಿಗ್ರಿ. ಹೆಂಗಸರು ಥರ್ಮಲ್ ಮೇಲೆ ಸೀರೆ ಉಡಬಹುದು.

ಈ ಹಣಕ್ಕೆ ಇನ್ನೊಮ್ಮೆ ಶಿಖರ್ಜಿಗೆ ಹೋಗಿಬರಬಹುದಲ್ಲ ಎಂದು ಹಿತೈಷಿಗಳು ಕೇಳಿದ್ದಾರೆ. ಯೋಗ್ಯವಾದ ಮಾತೇ. ಅಕ್ಕನವರು ಶಿಖರ್ಜಿಯನ್ನು ಕಾಲಿನಲ್ಲಿ ಬಲವಿದ್ದಾಗಲೇ ಹತ್ತಿ ಇಳಿದಿದ್ದಾರೆ. ಈಗ ಅವರಿಗೆ ಬೇಕಾಗಿರುವುದು ತಾವು ಸಾಕಿದ ಹುಡುಗನ ಮನೆ ನೋಡುವುದು, ಅವನ ಜೊತೆ ನಾಲ್ಕು ದಿನ ಇರುವುದು. ಅದು ಮುಂದಿನ ವರ್ಷಕ್ಕೆ ಮುಂದೂಡುವ ಸರಕಲ್ಲ. ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಹಿರಿಯರ ವ್ರತನಿಯಮಗಳನ್ನು ನೆಪವಾಗಿಸಿ ಅವರನ್ನು ಮನೆಯಲ್ಲಿ ಬಿಡಬೇಡಿ. ಆರು ತಿಂಗಳು ಮೊದಲು ಕೇಳಿ ವಿಚಾರಿಸಿದರೆ ಬಹುತೇಕ ಅಡ್ಡಿಗಳಿಗೆ ದಾರಿ ಇದೆ. ಸೀರೆಯ ಪೆಟ್ಟಿಗೆ ಈಗ ಅಟ್ಟದಿಂದ ಇಳಿದಿದೆ. ಒಳಗೆ ಎರಡು ಥರ್ಮಲ್ ಅಂಗಿಗಳೂ ಸೇರಿವೆ.