ಮಗನ ಸೈಕಲ್ ರೇಸ್ ನೋಡೋಕೆ ಅಮ್ಮನಿಗೆ ರಜೆ ಇಲ್ಲ

ಆಯುಧಪೂಜೆ ದಿನ ಜೆ.ಪಿ. ನಗರದ ಕಡೆ ಒಂದು ರಸ್ತೇಲಿ ಮಕ್ಕಳ ಸೈಕಲ್ ರೇಸ್ ಇಟ್ಟಿದ್ರು. ದೊಡ್ಡ ರೇಸೇನಲ್ಲ. ಬಡಾವಣೆಯವರೇ ಸೇರಿ ಎರಡೂ ಕಡೆ ಹಗ್ಗ ಕಟ್ಟಿ, ಗಾಡಿ ಬರದ ಹಾಗೆ ಮಾಡಿದ್ರು, ಅಷ್ಟೆ. ಕಾರು, ಬೈಕು, ಸೈಕಲ್ಲು ಎಲ್ಲಾ ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಆದಮೇಲೆ ರೇಸ್. ರಜೆ ಇತ್ತಲ್ಲ, ಅಪ್ಪ-ಅಮ್ಮ, ಅಜ್ಜಿ-ತಾತ ಎಲ್ಲಾ ಗೇಟಿನ ಹತ್ರ ನಿಂತು ಚಪ್ಪಾಳೆ ಹೊಡೀತಿದ್ರು. ನೋಡೋಕೆ ಚೆನ್ನಾಗೇ ಇತ್ತು. ಮಕ್ಕಳು ಖುಷಿಯಾಗಿರೋದನ್ನ ನೋಡಿ ಹೊಟ್ಟೆ ಉರ್ಕೊಳ್ಳೋ ಮನುಷ್ಯ ನಾನಲ್ಲ.

ಆ ರೇಸಲ್ಲಿ ನಮ್ಮ ಕಾಲೋನಿ ಹುಡುಗನೂ ಒಬ್ಬ ಇದ್ದ. ಸರ್ಕಾರಿ ಶಾಲೆ, ಎಂಟನೇ ಕ್ಲಾಸು. ಸೈಕಲ್ಲು ಗೆಳೆಯಂದು. ಅವನ ತಾಯಿ ಅದೇ ಏರಿಯಾದಲ್ಲಿ ಪೌರಕಾರ್ಮಿಕರು. ಸಾಯಂಕಾಲ ಸಿಕ್ಕಾಗ "ಅಕ್ಕಾ, ಮಗ ಮೂರನೇವ್ನು ಬಂದ್ನಂತೆ, ನೋಡಿದ್ರಾ?" ಅಂದೆ.

"ಎಲ್ಲಿ ನೋಡ್ಲಿ ಅಣ್ಣ? ಪಕ್ಕದ ಕ್ರಾಸಲ್ಲಿ ಕುಂಬಳಕಾಯಿ ಎತ್ತಾ ಇದ್ದೆ. ಕೂಗಿದ್ದು ಕೇಳಿಸ್ತು" ಅಂದ್ರು.

ನಾಲ್ಕೈದು ದಿನದಿಂದ ಈ ಮಾತು ತಲೇಲಿ ಕೂತಿದೆ. ಅದಕ್ಕೇ ಇದನ್ನ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹಬ್ಬದ ರಜೇಲಿ ಸೈಕಲ್ ರೇಸ್ ನೋಡೋದು ಅಂದ ತಕ್ಷಣ ನನಗೆ ನೆನಪಾಗೋದು ಮೇಜರ್ ಟೇಲರ್. ಪೂರ್ತಿ ಹೆಸರು ಮಾರ್ಷಲ್ ವಾಲ್ಟರ್ ಟೇಲರ್. ಅಮೆರಿಕದ ಕಪ್ಪು ಜನಾಂಗದ ಸೈಕಲ್ ಓಟಗಾರ, ಹುಟ್ಟಿದ್ದು 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ. ಸೈಕಲ್ ಅಂಗಡಿ ಮುಂದೆ ಸೈನಿಕರ ಡ್ರೆಸ್ ಹಾಕ್ಕೊಂಡು ಸರ್ಕಸ್ ಮಾಡ್ತಿದ್ದ ಹುಡುಗನಿಗೆ ಜನ ಇಟ್ಟ ಹೆಸರು 'ಮೇಜರ್'. 1894ರಲ್ಲಿ ಅಲ್ಲಿನ ದೊಡ್ಡ ಸೈಕಲ್ ಸಂಘ, ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್, ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ನಿಯಮಾನೇ ಮಾಡ್ತು. ಓದುವಾಗ ನನಗೆ ನಮ್ಮ ಹಳ್ಳಿಗಳು ಕಣ್ಮುಂದೆ ಬಂದ್ವು. ಮೇಲ್ಜಾತಿ ಬೀದಿ ಬಂದ ತಕ್ಷಣ ಸೈಕಲ್ಲಿಂದ ಇಳಿದು ತಳ್ಕೊಂಡು ಹೋಗಬೇಕಿದ್ದ ನಮ್ಮ ಹಿರಿಯರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಚಕ್ರದ ಮೇಲೆ ಕೂತ್ರೆ ನಾವು ಎತ್ತರ ಕಾಣ್ತೀವಿ. ಅದನ್ನ ಸಹಿಸೋಕೆ ಆಗಲ್ಲ ಅವರಿಗೆ.

ಅಂಥಾ ಕಾಲದಲ್ಲಿ 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಟೇಲರ್ ವಿಶ್ವ ಚಾಂಪಿಯನ್ ಆದ. ಯೂರೋಪಿನಿಂದ ಕರೆ ಬಂತು, ದೊಡ್ಡ ದುಡ್ಡಿನ ಆಸೆ ತೋರಿಸಿದ್ರು. ಆತ ಒಪ್ಪಲಿಲ್ಲ. ಯಾಕಂದ್ರೆ ಆತ ಗಟ್ಟಿ ಬ್ಯಾಪ್ಟಿಸ್ಟ್ ನಂಬಿಕೆಯವನು, ಭಾನುವಾರ ದೇವರ ದಿನ, ಅವತ್ತು ಓಡಿಸಲ್ಲ ಅಂದ. ಯೂರೋಪಿನ ದೊಡ್ಡ ರೇಸುಗಳೆಲ್ಲ ಭಾನುವಾರವೇ. ಕೊನೆಗೆ 1901ರಲ್ಲಿ ಭಾನುವಾರ ಬಿಟ್ಟು ಬೇರೆ ದಿನ ಅಂತ ಕರಾರು ಆದಮೇಲೇ ಹೊರಟ.

ಈಗ ಸಮಸ್ಯೆ ನೋಡಿ. ಕೆಲಸದ ದಿನ ರೇಸ್ ಇಟ್ಟರೆ ಬರೋರು ಯಾರು? ಟಿಕೆಟ್ ಕೊಳ್ಳೋ ದುಡಿಯೋ ಜನಕ್ಕೆ ಬಿಡುವಿರೋದೇ ಭಾನುವಾರ. ಕ್ಯಾಲೆಂಡರಿನ ಹಬ್ಬಗಳೇ ಇದಕ್ಕೆ ದಾರಿ ಮಾಡಿಕೊಟ್ಟವು. ಫ್ರಾನ್ಸಿನ ಚಾಂಪಿಯನ್ ಎಡ್ಮಂಡ್ ಜಾಕೆಲಿನ್ ಜೊತೆ ಟೇಲರ್‌ನ ಮೊದಲ ಪಂದ್ಯ ಪ್ಯಾರಿಸ್‌ನ ಪಾರ್ಕ್ ದೆ ಪ್ರಿನ್ಸ್‌ನಲ್ಲಿ ನಡೆದಿದ್ದು 1901ರ ಮೇ 16, ಗುರುವಾರ. ಅವತ್ತು ಯೇಸುವಿನ ಸ್ವರ್ಗಾರೋಹಣದ ಹಬ್ಬ, ಊರಿಗೆಲ್ಲ ರಜೆ. ಟೇಲರ್ ಸೋತ. ಎರಡನೇ ಪಂದ್ಯ ಮೇ 27, ಸೋಮವಾರ. ಅದು ಪೆಂಟೆಕೋಸ್ಟ್ ಹಬ್ಬದ ಮಾರನೇ ದಿನ, ಅವತ್ತೂ ರಜೆ. ಈ ಸಲ ಟೇಲರ್ ಗೆದ್ದ. ಗುಲಾಮರ ವಂಶದಲ್ಲಿ ಹುಟ್ಟಿದವನು ಪ್ಯಾರಿಸ್‌ನವರ ಕಣ್ಣೆದುರೇ ಪ್ಯಾರಿಸ್‌ನ ಹೀರೋನ ಸೋಲಿಸಿದ. ಆ ಗೆಲುವನ್ನ ಅಷ್ಟು ಜನ ಕಣ್ಣಾರೆ ನೋಡೋಕೆ ಆಗಿದ್ದು ಹಬ್ಬದ ರಜೆ ಇದ್ದಿದ್ದಕ್ಕೆ.

ಇನ್ನೊಂದು ಕಥೆ ರೂಬೆ ಅನ್ನೋ ಊರಿಂದು. ಫ್ರಾನ್ಸಿನ ಬಟ್ಟೆ ಗಿರಣಿಗಳ ಊರು ಅದು. ಅಲ್ಲಿನ ಇಬ್ಬರು ಗಿರಣಿ ಮಾಲೀಕರು 1896ರಲ್ಲಿ ಪ್ಯಾರಿಸ್–ರೂಬೆ ರೇಸ್ ಶುರು ಮಾಡಿದ್ರು. ಈಸ್ಟರ್ ದಿನ ಓಡಿಸೋ ಮಾತು ಬಂದಾಗ, ಓಡಿಸೋರಿಗೂ ನೋಡೋರಿಗೂ ಪೂಜೆ ತಪ್ಪುತ್ತೆ ಅಂತ ಚರ್ಚಿನ ಕಡೆಯವರು ತಕರಾರು ಎತ್ತಿದ್ರು. ಆದರೆ ಮುಂದೆ ಎಷ್ಟೋ ವರ್ಷ ಈಸ್ಟರ್ ದಿನವೇ ನಡೆದು, ಆ ರೇಸಿಗೆ ಈಸ್ಟರ್ ರೇಸ್ ಅನ್ನೋ ಅಡ್ಡಹೆಸರೇ ಬಂತು. ವಾರವೆಲ್ಲ ಗಿರಣೀಲಿ ಬೆಂದವನು ರಜೆ ದಿನ ರಸ್ತೆ ಬದಿ ನಿಂತು ಸೈಕಲ್ ನೋಡಿದ.

ಈಗ ನಮ್ಮ ದೇಶಕ್ಕೆ ಬನ್ನಿ. ಭಾನುವಾರದ ರಜೆ ನಮಗೆ ಯಾರು ಕೊಡ್ಸಿದ್ದು? ಬ್ರಿಟಿಷರು ಚರ್ಚಿಗೆ ಹೋಗೋಕೆ ಇಟ್ಕೊಂಡಿದ್ದ ರಜೆ ತಾನಾಗೇ ಗಿರಣಿ ಕೂಲಿಗಳಿಗೆ ಬರಲಿಲ್ಲ. ಅದಕ್ಕೆ ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. ಗಿರಣಿ ಮಾಲೀಕರ ಮುಂದೆ ಅವರಿಟ್ಟ ವಾದ ಏನು ಗೊತ್ತಾ? ಭಾನುವಾರ ಖಂಡೋಬನ ವಾರ, ನಮ್ಮ ಜನರ ದೇವರ ದಿನ, ಅವತ್ತು ರಜೆ ಬೇಕು ಅಂತ. ಆ ಖಂಡೋಬ ಬೇರೆ ಯಾರೂ ಅಲ್ಲ, ನಮ್ಮ ಕಡೆಯ ಮೈಲಾರಲಿಂಗ. ವರ್ಷಗಟ್ಟಲೆ ಅರ್ಜಿ, ಸಭೆ, ಹೋರಾಟ ಆದಮೇಲೆ 1890ರ ಜೂನ್ 10ರಂದು ಮುಂಬೈ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದ್ರು. ಫುಲೆ ಶಿಷ್ಯರು ದೇವರ ಹೆಸರು ತಗೊಂಡಿದ್ದು ದುಡಿಯೋರ ಬೆನ್ನಿಗೆ ಒಂದು ದಿನದ ಆರಾಮ ಕೊಡಿಸೋಕೆ.

ಅಲ್ಲಿಂದ ಬಾಬಾಸಾಹೇಬರಿಗೆ ಬನ್ನಿ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದ್ದು. 1945ರ ಕಾರ್ಖಾನೆ ತಿದ್ದುಪಡಿ ಕಾಯ್ದೆ ಸಂಬಳ ಸಹಿತ ರಜೆ ತಂತು. 1946ರ ತಿದ್ದುಪಡಿ ವಾರಕ್ಕೆ 54 ಗಂಟೆ ಇದ್ದ ಕೆಲಸವನ್ನ 48ಕ್ಕೆ ಇಳಿಸ್ತು. ಇವತ್ತು ಏಪ್ರಿಲ್ 14 ಬಂದ್ರೆ "ಇಷ್ಟೊಂದು ಜಯಂತಿಗೆಲ್ಲ ಯಾಕ್ರೀ ರಜೆ, ದೇಶ ಉದ್ಧಾರ ಆಗುತ್ತಾ" ಅಂತ ಜಯನಗರದ ಪಾರ್ಕಲ್ಲಿ ವಾಕಿಂಗ್ ಮಾಡ್ತಾ ಗೊಣಗ್ತಾರಲ್ಲ, ಅವರ ಸಂಬಳ ಸಹಿತ ರಜೆ ಹಿಂದೆ ಅಂಬೇಡ್ಕರ್ ಕೈ ಇದೆ ಅನ್ನೋದನ್ನ ಯಾರಾದ್ರೂ ಹೇಳಬೇಕು. ಆಯುಧಪೂಜೆ ರಜೆ ಬಗ್ಗೆ ಈ ಗೊಣಗಾಟ ನಾನು ಒಂದು ದಿನಾನೂ ಕೇಳಿಲ್ಲ.

ಕರ್ನಾಟಕದಲ್ಲಿ ಕಾನೂನೂ ಇದೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇದರ ಜೊತೆಗೆ ಇನ್ನೂ ಐದು ಹಬ್ಬದ ರಜೆ. ಆ ದಿನ ಕೆಲಸ ಮಾಡಿಸಿಕೊಂಡ್ರೆ ಎರಡು ಪಟ್ಟು ಕೂಲಿ, ಇಲ್ಲಾ ಕೂಲಿ ಜೊತೆ ಬದಲಿ ರಜೆ. ಬರವಣಿಗೇಲಿ ಚೆನ್ನಾಗಿದೆ. ಆದರೆ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಿಗೆ ಹಬ್ಬದ ದಿನ ಬಿರಿಯಾನಿ ತಂದುಕೊಡೋ ಡೆಲಿವರಿ ಹುಡುಗನಿಗೆ ಇದು ತಟ್ಟಲ್ಲ. ಅವನನ್ನ ಕೆಲಸಗಾರ ಅಂತಾನೇ ಕರೆಯಲ್ಲ, 'ಪಾರ್ಟ್ನರ್' ಅಂತಾರೆ. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು, ಒಳ್ಳೇದು, ಸ್ವಾಗತ. ಆದರೆ ಸಂಬಳ ಸಹಿತ ಹಬ್ಬದ ರಜೆ ಇನ್ನೂ ಅವನ ಪಾಲಿಗಿಲ್ಲ. ಮನೆಗೆಲಸದ ಹೆಣ್ಣುಮಕ್ಕಳಿಗೆ ಹಬ್ಬ ಅಂದ್ರೆ ಎರಡು ಪಟ್ಟು ಪಾತ್ರೆ.

ಪೌರಕಾರ್ಮಿಕರ ವಿಷಯ ಕೇಳಿ. ಬಹುಪಾಲು ನಮ್ಮವರೇ, ಬಹುಪಾಲು ಹೆಣ್ಣುಮಕ್ಕಳೇ. 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕಲ್ಲಿ ಕೂತ ಮೇಲೆ ಸರ್ಕಾರ ಖಾಯಂ ಮಾಡ್ತೀವಿ ಅಂತು. 2025ರ ಮೇ 1ಕ್ಕೆ ಬೆಂಗಳೂರಿನ 12,692 ಜನರಿಗೆ ಖಾಯಂ ನೇಮಕಾತಿ ಸಿಕ್ತು. ಅದು ಅವರ ಹೋರಾಟದ ಗೆಲುವು, ಯಾರ ದಾನವೂ ಅಲ್ಲ. ಆದರೆ ಕಸದ ಆಟೋ ಡ್ರೈವರು, ಹೆಲ್ಪರು, ಲೋಡರುಗಳು ಆ ಲೆಕ್ಕದಿಂದ ಹೊರಗೇ ಉಳಿದ್ರು. ಖಾಯಂ ಆದವರಿಗೂ ಊರಿನ ಹಬ್ಬ ಅಂದ್ರೆ ಹೆಚ್ಚು ಕೆಲಸ ಅನ್ನೋ ಸ್ಥಿತಿ ಬದಲಾಗಿಲ್ಲ. ಬನಶಂಕರಿ, ಜಯನಗರ 4ನೇ ಬ್ಲಾಕ್, ಗಾಂಧಿ ಬಜಾರ್ ಸುತ್ತಮುತ್ತ ಹಬ್ಬದ ಮಾರನೇ ದಿನ ನಡೆದು ನೋಡಿ. ಬಾಳೆಕಂದು, ಮಾವಿನ ಸೊಪ್ಪು, ಮಾರಾಟವಾಗದ ಚೆಂಡುಹೂ, ಬೂದುಗುಂಬಳ ಗುಡ್ಡೆಗುಡ್ಡೆ ಬಿದ್ದಿರುತ್ತೆ. ನೀವು ದೃಷ್ಟಿ ತೆಗೆದು ನಡುರಸ್ತೇಲಿ ಒಡೆದ ಕುಂಬಳಕಾಯೀನ ಕೈಯಲ್ಲಿ ಬಾಚೋರು ಅವರು. ನಿಮ್ಮ ಗಾಡಿಗೆ ತಾಗಬೇಕಾದ ಕೆಟ್ಟ ಕಣ್ಣನ್ನ ಅವರ ಸೊಂಟಕ್ಕೆ ದಾಟಿಸ್ತೀರಿ. ಅವತ್ತು ಆ ಮಕ್ಕಳ ಸೈಕಲ್ಲು ಜಾರದೆ ಓಡಿದ್ದು ಆ ಅಕ್ಕ ನಸುಕಿಗೇ ಬಂದು ರಸ್ತೆ ಗುಡಿಸಿದ್ದಕ್ಕೆ. ಅದೇ ರಸ್ತೇಲಿ ಐದು ನಿಮಿಷ ನಿಂತು ಮಗನನ್ನ ನೋಡೋ ಪುಣ್ಯ ಅವರಿಗಿರಲಿಲ್ಲ.

ಈಗ ನಮ್ಮ ಸಂಗಾತಿಗಳ ಪ್ರಶ್ನೆಗೆ ಬರ್ತೀನಿ. "ಅಣ್ಣ, ಆಯುಧಪೂಜೆ ನಮ್ಮ ಹಬ್ಬಾನಾ? ಅದರ ರಜೆ ನಮಗೆ ಯಾಕೆ ಬೇಕು? ಹಬ್ಬಾನೇ ಬೇಡ ಅನ್ನೋಣ" ಅಂತ ಕೆಲವರು ಕೇಳ್ತಾರೆ. ಹಬ್ಬ ಮಾಡೋದು ಬಿಡೋದು ನಿಮ್ಮಿಷ್ಟ. ನಾನಂತೂ ಕುಂಬಳಕಾಯಿ ಒಡೆಯಲ್ಲ. ಆದರೆ ರಜೆ ಬೇರೆ, ಪೂಜೆ ಬೇರೆ. ಸ್ವರ್ಗಾರೋಹಣದ ದಿನ ಪ್ಯಾರಿಸ್‌ನಲ್ಲಿ ರೇಸ್ ನೋಡಿದವರೆಲ್ಲ ಭಕ್ತರಾಗಿರಲಿಲ್ಲ. ಪೂಜೆ ಬೇಡ ಅಂತ ನಾವು ರಜೇನೂ ಬಿಟ್ಟುಕೊಟ್ರೆ ಲಾಭ ಯಾರಿಗೆ? ಮಾಲೀಕನಿಗೆ, ಕಂಟ್ರಾಕ್ಟರನಿಗೆ.

1956ರ ಅಕ್ಟೋಬರ್ 14 ನೆನಪು ಮಾಡ್ಕೊಳ್ಳಿ. ನಾಗಪುರದ ದೀಕ್ಷಾಭೂಮಿ. ಅವತ್ತು ವಿಜಯದಶಮಿ. ಬಾಬಾಸಾಹೇಬರು ಆ ದಿನ ಆರಿಸಿದ್ದು ಅಶೋಕನ ನೆನಪಿಗೆ. ಕ್ಯಾಲೆಂಡರ್ ತೆಗೆದು ನೋಡಿ, ಅವತ್ತು ಭಾನುವಾರವೂ ಹೌದು. ಲೋಖಂಡೆ ಗೆದ್ದುಕೊಟ್ಟ ಭಾನುವಾರ. ಲಕ್ಷಾಂತರ ದುಡಿಯೋ ಜನ ಬಿಳಿ ಬಟ್ಟೆ ಉಟ್ಟು ಬಂದು ಸೇರಿದ್ರು. ಅವರ ಕ್ಯಾಲೆಂಡರಿನ ಒಂದು ದಿನವನ್ನ ತಗೊಂಡು ನಮ್ಮದು ಮಾಡ್ಕೊಂಡಿದ್ದು ಅಂದ್ರೆ ಅದು.

ಹಾಗಾಗಿ ನನ್ನ ಮಾತು ಇಷ್ಟೆ. ರೇಸ್ ಮಾಡಿ, ಹಬ್ಬ ಮಾಡಿ, ರಸ್ತೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಸೈಕಲ್ ತುಳಿದು ದೇಶಕ್ಕೆ ಹೆಸರು ತಂದ ಎಷ್ಟೋ ಮಕ್ಕಳು ಬಡವರ ಮನೆಯವರೇ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡ್ತಿದ್ದ ಸೈಕಲ್ಲು ಕೋವಿಡ್ ಬಂದಾಗ ನಿಂತಿತು. ಅದು ನಿಲ್ಲದೆ ಇದ್ದಿದ್ರೆ ನಮ್ಮ ಹುಡುಗ ಇನ್ನೊಬ್ಬರ ಸೈಕಲ್ಲಲ್ಲಿ ಓಡಬೇಕಿರಲಿಲ್ಲ.

ಆದರೆ ರಸ್ತೆ ಮುಚ್ಚೋ ಮುಂಚೆ ಪಟ್ಟಿ ಮಾಡಿ, ಅವತ್ತು ಈ ರಸ್ತೇಲಿ ಕೆಲಸ ಮಾಡೋರು ಯಾರ್ಯಾರು ಅಂತ. ಪೌರಕಾರ್ಮಿಕರಿಗೆ ಅದೇ ವಾರ ಬದಲಿ ರಜೆ ಕೊಡಿ ಅಂತ ಬಡಾವಣೆ ಸಂಘದಿಂದಲೇ ಪಾಲಿಕೆಗೆ ಪತ್ರ ಹೋಗಲಿ. ಗುಂಡಿ ಬಿದ್ದ ರಸ್ತೆಗೆ ಹತ್ತು ಪತ್ರ ಬರೀತೀರಿ, ಇದಕ್ಕೊಂದು ಬರೀರಿ. ಸೆಕ್ಯುರಿಟಿಯವರಿಗೆ, ಹೌಸ್‌ಕೀಪಿಂಗ್‌ನವರಿಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ ಸಿಗ್ತಿದೆಯಾ ಅಂತ ನಿಮ್ಮ ಏಜೆನ್ಸಿ ಬಿಲ್ ತೆಗೆದು ನೋಡಿ. ಕುಂಬಳಕಾಯಿ ಒಡೆಯಲೇಬೇಕು ಅಂದ್ರೆ ನಿಮ್ಮ ಗೇಟಿನ ಒಳಗೆ ಒಡೀರಿ, ನಿಮ್ಮ ಕೈಯಲ್ಲೇ ಎತ್ತಿ. ಮನೆಗೆಲಸದವರಿಗೆ ಹಬ್ಬದ ದಿನ ಸಂಬಳ ಹಿಡೀದೆ ರಜೆ ಕೊಡಿ. ಇದರಲ್ಲಿ ಕ್ರಾಂತಿ ಏನೂ ಇಲ್ಲ, ಕನಿಷ್ಠ ಮರ್ಯಾದೆ.

ನಮ್ಮವರಿಗೂ ಒಂದು ಮಾತು. ಸಂಘದ ಮೀಟಿಂಗಲ್ಲಿ ಖಾಯಮಾತಿ, ಸಂಬಳ, ಪಿ.ಎಫ್. ಮಾತಾಡ್ತೀವಿ, ಮಾತಾಡಲೇಬೇಕು. ಜೊತೆಗೆ ಬಿಡುವಿನ ಮಾತೂ ಆಡೋಣ. ನಮ್ಮ ತಾಯಂದಿರು ಸುಮ್ಮನೆ ನಿಂತು ಏನನ್ನಾದ್ರೂ ನೋಡಿ ನಕ್ಕಿದ್ದು ಯಾವಾಗ? ಅದೂ ಹಕ್ಕೇ.

ಆ ಅಕ್ಕ ಕೊನೇಲಿ ಕೇಳಿದ್ರು: "ಮುಂದಿನ ವರ್ಷಾನೂ ಇಡ್ತಾರಾ ಅಣ್ಣ ರೇಸು?" ಇಡ್ತಾರೆ ಅಕ್ಕಾ ಅಂದೆ. ಅವತ್ತು ಅವರು ಪೊರಕೆ ಇಟ್ಟು ಹಗ್ಗದ ಪಕ್ಕ ನಿಂತಿರಬೇಕು. ಅದಕ್ಕೆ ಏನೇನು ಮಾಡಬೇಕೋ ಈಗಿಂದಲೇ ಶುರು ಮಾಡ್ತೀವಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಕಡೆಯ ಗೆಳೆಯರು ಕೈ ಜೋಡಿಸೋರಿದ್ರೆ ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.