ಪ್ರತಿ ಮೀಟರಿಗೂ 120 ಓಂ ರೆಸಿಸ್ಟರ್ ಹಾಕಬೇಕೇ?

ಸೋಲಾರ್ ಇನ್ವರ್ಟರ್, ಅಪಾರ್ಟ್‌ಮೆಂಟಿನ ಎನರ್ಜಿ ಮೀಟರ್, ಜನರೇಟರ್ ಇತ್ಯಾದಿ ಜೋಡಿಸುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಲಹೆಯೊಂದಿದೆ: ಕಂಪ್ಯೂಟರಿಗೆ ರೀಡಿಂಗ್ ಬರುತ್ತಿಲ್ಲವೇ? ಪ್ರತಿ ಮೀಟರಿಗೂ ಒಂದು 120 ಓಂ ರೆಸಿಸ್ಟರ್ ಹಾಕಿ, ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ, ಎಲ್ಲ ಸರಿಹೋಗುತ್ತದೆ. ಇದರಲ್ಲಿ ಅರ್ಧ ನಿಜ ಇದೆ. ಆದರೆ ಹೇಳಿದಂತೆಯೇ ಮಾಡಿದರೆ ಸರಿಯಾಗಿ ನಡೆಯುತ್ತಿದ್ದ ಲೈನೂ ನಿಂತುಹೋಗಬಹುದು. ರೀಡಿಂಗ್ ಸಿಗದ ತಿಂಗಳು ನಿವಾಸಿಗಳ ಕೈಗೆ ಅಂದಾಜಿನ ಬಿಲ್ ಬರುತ್ತದೆ. ಕೆಟ್ಟಿರದ ಅಡಾಪ್ಟರನ್ನು ಎಸೆದು ಹೊಸದು ತರುವ ಖರ್ಚು ಬೇರೆ.

ಇಂಥ ಮೀಟರುಗಳು ಹೆಚ್ಚಾಗಿ ಬಳಸುವುದು 1983ರಲ್ಲಿ ಬಂದ ಆರ್‌ಎಸ್-485 ಎಂಬ ಮಾನದಂಡವನ್ನು. ಒಂದಕ್ಕೊಂದು ಹೆಣೆದ ಎರಡು ತಂತಿ, ಎ ಮತ್ತು ಬಿ. ಇವುಗಳ ನಡುವಿನ ವೋಲ್ಟೇಜ್ ಒಂದು ಕಡೆಗೆ 0.2 ವೋಲ್ಟಿಗಿಂತ ಹೆಚ್ಚು ವಾಲಿದರೆ ಅದು 1, ಇನ್ನೊಂದು ಕಡೆಗೆ ವಾಲಿದರೆ 0. ಲ್ಯಾಪ್‌ಟಾಪಿನಲ್ಲಿ ಈ ತಂತಿ ಚುಚ್ಚಲು ಜಾಗವಿಲ್ಲ, ಅದಕ್ಕೇ ನಡುವೆ ಯುಎಸ್‌ಬಿ ಅಡಾಪ್ಟರ್.

ಹಾಗಾದರೆ ರೆಸಿಸ್ಟರ್ ಯಾಕೆ? ಬಾವಿಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಉದ್ದನೆಯ ಕೇಬಲ್ಲಿನಲ್ಲಿ ವಿದ್ಯುತ್ ಸಂಕೇತವೂ ಹಾಗೆಯೇ ತುದಿಗೆ ಬಡಿದು ಹಿಂದಿರುಗುತ್ತದೆ. ಆ ಪ್ರತಿಧ್ವನಿ ಮುಂದಿನ ಸಂಕೇತದ ಜೊತೆ ಬೆರೆತರೆ ಓದುವುದು ತಪ್ಪುತ್ತದೆ. ಈ ಕೆಲಸಕ್ಕೆ ಬಳಸುವ ಕೇಬಲ್ಲಿನ ಗುಣಕ್ಕೆ ಹೊಂದುವ ಸುಮಾರು 120 ಓಂ ರೆಸಿಸ್ಟರನ್ನು ತುದಿಯಲ್ಲಿ ಹಾಕಿದರೆ ಸಂಕೇತ ಅಲ್ಲೇ ಇಂಗಿಹೋಗುತ್ತದೆ. ಇದಕ್ಕೇ ಟರ್ಮಿನೇಶನ್ ಎನ್ನುವುದು. ಒಂದು ಕೇಬಲ್ಲಿಗೆ ತುದಿ ಎರಡೇ. ಆದ್ದರಿಂದ ರೆಸಿಸ್ಟರೂ ಎರಡೇ, ನಡುವಿನ ಮೀಟರುಗಳಿಗೆ ಬೇಡ.

ಹತ್ತು ಮೀಟರಿಗೂ ಹಾಕಿದರೆ ಏನಾಗುತ್ತದೆ? ಹತ್ತೂ ಪ್ಯಾರಲಲ್ ಆಗಿ ಸೇರುವುದರಿಂದ ಒಟ್ಟು ರೋಧ 120 ಅಲ್ಲ, 12 ಓಂ! ಮಾನದಂಡದ ಪ್ರಕಾರ ಸಂಕೇತ ಕಳಿಸುವ ಚಿಪ್ 54 ಓಂ ಹೊರೆಯ ಮೇಲೆ ಕನಿಷ್ಠ 1.5 ವೋಲ್ಟ್ ಕೊಡಬೇಕು. ಎರಡು ತುದಿಯ ರೆಸಿಸ್ಟರ್, ಜೊತೆಗೆ 32 ಸಾಧನಗಳು ಸೇರಿದರೆ ಆಗುವ ಹೊರೆ ಹೆಚ್ಚುಕಡಿಮೆ ಅಷ್ಟೇ. 12 ಓಂಗೆ ಇಳಿದರೆ ವೋಲ್ಟೇಜ್ ಕುಸಿಯುತ್ತದೆ, ಚಿಪ್ ಬಿಸಿಯಾಗುತ್ತದೆ, ದೂರದ ಮೀಟರ್ ಮೊದಲು ಮೌನವಾಗುತ್ತದೆ. ಆಗ ಅದಕ್ಕೆ ಇನ್ನೊಂದು ರೆಸಿಸ್ಟರ್ ಹಾಕುವವರೂ ಉಂಟು.

ನಿಮ್ಮ ಲೈನಿನಲ್ಲಿ ಎಷ್ಟು ರೆಸಿಸ್ಟರ್ ಇವೆ ಎಂದು ತಿಳಿಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಎಲ್ಲ ಸಾಧನಗಳ ಪವರ್ ತೆಗೆದು, ಎ ಮತ್ತು ಬಿ ನಡುವೆ ಓಂ ಅಳೆಯಿರಿ. 60ರ ಆಸುಪಾಸು ಬಂದರೆ ಎರಡಿವೆ, ಸರಿಯಿದೆ. 120 ಬಂದರೆ ಒಂದೇ ಇದೆ. 40 ಬಂದರೆ ಮೂರನೆಯದು ಎಲ್ಲೋ ಅಡಗಿದೆ. ಹಲವು ಅಡಾಪ್ಟರ್ ಮತ್ತು ಇನ್ವರ್ಟರುಗಳ ಒಳಗೇ ಈ ರೆಸಿಸ್ಟರ್ ಇದ್ದು, ಪುಟ್ಟ ಡಿಪ್ ಸ್ವಿಚ್ ಅಥವಾ ಜಂಪರಿನಿಂದ ಆನ್ ಆಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪ್ಯಾನೆಲ್ಲಿನೊಳಗೆ ಮನೆ ಕರೆಂಟಿನ ತಂತಿಗಳೂ ಇರುವುದರಿಂದ ಈ ಕೆಲಸ ಎಲೆಕ್ಟ್ರಿಷಿಯನ್ ಮಾಡಲಿ.

ಇನ್ನೊಂದು ಮಾತು ಫಾರ್ವರ್ಡಿನಲ್ಲಿ ಇರುವುದೇ ಇಲ್ಲ: ಕೇಬಲ್ ಚಿಕ್ಕದಾಗಿ ವೇಗ ಕಡಿಮೆ ಇದ್ದರೆ ಟರ್ಮಿನೇಶನ್ ಇಲ್ಲದೆಯೂ ನಡೆಯುತ್ತದೆ. ಸಂಕೇತ ಒಂದು ಮೀಟರ್ ಕೇಬಲ್ ದಾಟಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. 50 ಮೀಟರ್ ಹೋಗಿ ಬರಲು ಅರ್ಧ ಮೈಕ್ರೊಸೆಕೆಂಡ್. 9600 ಬಾಡ್ ವೇಗದಲ್ಲಿ ಒಂದು ಬಿಟ್ 104 ಮೈಕ್ರೊಸೆಕೆಂಡ್ ನಿಲ್ಲುತ್ತದೆ, ಓದುವುದು ಅದರ ನಡುವಿನಲ್ಲಿ. ಅಷ್ಟರೊಳಗೆ ಪ್ರತಿಧ್ವನಿ ಅಡಗಿರುತ್ತದೆ. ಅದೇ 115200 ಬಾಡ್ ಆದರೆ ಒಂದು ಬಿಟ್ಟಿಗೆ ಸಿಗುವುದು 8.7 ಮೈಕ್ರೊಸೆಕೆಂಡ್ ಮಾತ್ರ. ಒಂದು ಕಿಲೋಮೀಟರ್ ಕೇಬಲ್ಲಿನಲ್ಲಿ ಪ್ರತಿಧ್ವನಿ ತಿರುಗಿ ಬರಲು 10 ಬೇಕು. ಅಲ್ಲಿ ರೆಸಿಸ್ಟರ್ ಇಲ್ಲದೆ ಆಗದು.

ರೆಸಿಸ್ಟರ್ ಹಾಕಿದ ಮೇಲೆ ಹೊಸ ತೊಡಕೂ ಹುಟ್ಟಬಹುದು. ಯಾರೂ ಮಾತಾಡದಿದ್ದಾಗ ಅದು ಎ ಮತ್ತು ಬಿ ತಂತಿಗಳನ್ನು ಒಂದೇ ವೋಲ್ಟೇಜಿಗೆ ಎಳೆಯುತ್ತದೆ. ಆಗ ಅದು 1 ಕೂಡ ಅಲ್ಲ, 0 ಕೂಡ ಅಲ್ಲ. ಸಣ್ಣ ಗದ್ದಲವೂ ಅಕ್ಷರದಂತೆ ಕಾಣಿಸಬಹುದು. ಇದಕ್ಕೆ ಬಯಾಸ್ ಎಂಬ ಇನ್ನೊಂದು ಜೋಡಿ ರೆಸಿಸ್ಟರ್ ಬೇಕಾಗುತ್ತದೆ. ಮೀಟರುಗಳ ಭಾಷೆಯಾದ ಮಾಡ್‌ಬಸ್‌ನ ಮಾರ್ಗಸೂಚಿ ಹೇಳುವುದು 450ರಿಂದ 650 ಓಂ, ಅದೂ ಲೈನಿನ ಒಂದೇ ಜಾಗದಲ್ಲಿ. ಈಚಿನ ಹಲವು ಚಿಪ್‌ಗಳು ಇದನ್ನು ಒಳಗೇ ನಿಭಾಯಿಸುತ್ತವೆ.

ಇನ್ನು ಡ್ರೈವರ್. ಈ ಪದಕ್ಕೆ ಇಲ್ಲಿ ಎರಡು ಅರ್ಥ ಇರುವುದೇ ಗೊಂದಲಕ್ಕೆ ಕಾರಣ ಎಂದು ನಮಗನಿಸುತ್ತದೆ. ಒಂದು, ತಂತಿಗೆ ಸಂಕೇತ ತಳ್ಳುವ ಚಿಪ್. ಎರಡು ತಂತಿಯ ಲೈನಿನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು. ಅಡಾಪ್ಟರ್ ತನ್ನ ಮಾತು ಮುಗಿಸಿ ತಡವಾಗಿ ಕೈಬಿಟ್ಟರೆ ಮೀಟರಿನ ಉತ್ತರದ ಆರಂಭ ಹಾಳಾಗುತ್ತದೆ, ಬೇಗ ಬಿಟ್ಟರೆ ತನ್ನದೇ ಕೊನೆಯ ಅಕ್ಷರ ತುಂಡಾಗುತ್ತದೆ. ಆಟೋ ಡೈರೆಕ್ಷನ್ ಎಂಬ ಸೆಟ್ಟಿಂಗ್ ಇದ್ದರೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು, ಕಂಪ್ಯೂಟರಿನ ಸಾಫ್ಟ್‌ವೇರ್ ಡ್ರೈವರ್. ಡಿವೈಸ್ ಮ್ಯಾನೇಜರಿನಲ್ಲಿ ಎಚ್ಚರಿಕೆಯ ಗುರುತಿಲ್ಲದೆ ಕಾಮ್ ಪೋರ್ಟ್ ಕಾಣುತ್ತಿದ್ದರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಹೆಚ್ಚೇನೂ ಸಿಗದು. ಡ್ರೈವರಿನಿಂದಲೇ ಅಡಾಪ್ಟರ್ ನಿಂತ ಉದಾಹರಣೆ ಇಲ್ಲವೆಂದಲ್ಲ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತ್ತು. ಆದರೆ ಅಲ್ಲಿ ಪೋರ್ಟೇ ಕಾಣದಾಗಿತ್ತು. ರೀಡಿಂಗ್ ಬರುತ್ತದೆ ಆದರೆ ನಿಧಾನ ಎನ್ನುವವರು ಎಫ್‌ಟಿಡಿಐ ಚಿಪ್ ಇದ್ದರೆ, ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್‌ನಲ್ಲಿರುವ ಲೇಟೆನ್ಸಿ ಟೈಮರ್ ನೋಡಬಹುದು. ಕಂಪನಿ ಇಟ್ಟಿರುವುದು 16 ಮಿಲಿಸೆಕೆಂಡ್, ಅದನ್ನು 1ಕ್ಕೆ ಇಳಿಸಬಹುದು.

ಇಷ್ಟೆಲ್ಲಕ್ಕೂ ಮೊದಲು ಮೀಟರ್ ಮತ್ತು ಕಂಪ್ಯೂಟರಿನಲ್ಲಿ ಬಾಡ್ ವೇಗ, ಪ್ಯಾರಿಟಿ, ಮೀಟರಿನ ವಿಳಾಸ ಒಂದೇ ಇವೆಯೇ ನೋಡಿ. ಮಾಡ್‌ಬಸ್ ನಿಯಮದಲ್ಲಿ ಪ್ಯಾರಿಟಿ ಈವನ್ ಎಂದಿದ್ದರೂ ಪ್ಯಾರಿಟಿ ಇಲ್ಲದೆ ಬರುವ ಮೀಟರುಗಳು ಬಹಳ. ಆಮೇಲೂ ಉತ್ತರ ಬಾರದಿದ್ದರೆ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಯಾವುದು ಎ, ಯಾವುದು ಬಿ ಎಂಬುದರಲ್ಲಿ ಚಿಪ್ ಕಂಪನಿಗಳಿಗೂ ಮಾನದಂಡಕ್ಕೂ ಇವತ್ತಿಗೂ ತಾಳೆಯಿಲ್ಲ. ಈ ಎರಡನ್ನು ಅದಲುಬದಲು ಮಾಡಿದ್ದರಿಂದ ಚಿಪ್ ಸುಡುವುದಿಲ್ಲ.