ಬೇಳೆ ಆರಿಸುವ ನಾವು ಪ್ಯಾಡ್ ಆರಿಸುತ್ತೇವೆಯೇ?

ತಿಂಗಳ ಸಾಮಾನು ತರಲು ಹೋದಾಗ ನಮ್ಮನ್ನು ನಾವೇ ಒಮ್ಮೆ ಗಮನಿಸಿಕೊಳ್ಳಬೇಕು. ತೊಗರಿಬೇಳೆಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡುತ್ತೇವೆ. ಹಾಲಿನ ಪ್ಯಾಕೆಟ್ಟಿನ ತಾರೀಖು ಓದುತ್ತೇವೆ. ಕೊತ್ತಂಬರಿ ಕಟ್ಟು ಬಾಡಿದ್ದರೆ ಸೊಪ್ಪಿನವಳ ಹತ್ತಿರ ಜಗಳಕ್ಕೇ ನಿಲ್ಲುತ್ತೇವೆ. ಆದರೆ ಸ್ಯಾನಿಟರಿ ಪ್ಯಾಡ್ ಸರದಿ ಬಂತೋ, ಅಕ್ಕಪಕ್ಕ ನೋಡಿ, ಕೈಗೆ ಸಿಕ್ಕ ಪ್ಯಾಕೆಟ್ ಎತ್ತಿ, ಬಿಸ್ಕತ್ತಿನ ಪೊಟ್ಟಣದ ಕೆಳಗೆ ತೂರಿಸಿ ಮುಂದೆ ನಡೆದುಬಿಡ್ತೇವೆ. ಮೆಡಿಕಲ್ ಶಾಪ್‌ನವನಂತೂ ಅದನ್ನು ಪೇಪರ್‌ನಲ್ಲಿ ಸುತ್ತಿ, ಕಪ್ಪು ಕವರ್‌ಗೆ ಹಾಕಿ, ಕಳ್ಳಮಾಲು ದಾಟಿಸುವ ಹಾಗೆ ಕೈಗಿಡುತ್ತಾನೆ!

ಇದೆಲ್ಲ ಈಗ ನೆನಪಾಗಲು ಕಾರಣ ಈ ಪುಟಕ್ಕೆ ಬಂದ ಒಂದು ಪತ್ರ. ಬರೆದವರು ನಲವತ್ತೆರಡು ವರ್ಷದ ಗೃಹಿಣಿ. ಪ್ರತಿ ತಿಂಗಳೂ ಮುಟ್ಟಿನ ಮೂರನೆಯ ದಿನದಿಂದ ತೊಡೆಸಂದಿಯಲ್ಲಿ ಉರಿ, ತುರಿಕೆ, ಕೆಂಪು ಗುಳ್ಳೆ. ಪೌಡರ್ ಹಾಕಿ ನೋಡಿದ್ದಾರೆ, ಡೆಟಾಲ್ ನೀರಿನಲ್ಲಿ ತೊಳೆದು ನೋಡಿದ್ದಾರೆ. ‘ಯಾವ ಕ್ರೀಮ್ ಹಚ್ಚಬೇಕು ತಿಳಿಸಿ’ ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ, ಏನೋ ಮರೆತದ್ದನ್ನು ಸೇರಿಸಿದ ಹಾಗೆ, ಇನ್ನೊಂದು ಸಾಲು: ‘ಬೆಳಿಗ್ಗೆ ಒಂದು, ರಾತ್ರಿ ಒಂದು ಪ್ಯಾಡ್ ಸಾಕಾಗುತ್ತೆ. ಹನ್ನೆರಡು ಗಂಟೆ ಬರುತ್ತೆ ಅಂತ ಬರೆದಿದೆ. ಮಗಳಿಗೂ ಬೇಕಲ್ಲ, ಎಲ್ಲ ಸೇರಿ ಖರ್ಚು ಜಾಸ್ತಿ ಆಗುತ್ತೆ.’

ಉತ್ತರ ಇರುವುದು ಈ ಕೊನೆಯ ಸಾಲಿನಲ್ಲೇ. ಮನೆಯ ಖರ್ಚಿನಲ್ಲಿ ಕಡಿತ ಮಾಡಬೇಕಾಗಿ ಬಂದಾಗ ಅಮ್ಮ ಮೊದಲು ಕೈಹಾಕುವುದು ತನ್ನ ಪಾಲಿಗೇ. ಕಡಿಮೆ ಹಾಲಿನ ಕಾಫಿ ಅವಳಿಗೆ, ತಳ ಹಿಡಿದ ಪಲ್ಯ ಅವಳಿಗೆ, ಹಾಗೆಯೇ ಹನ್ನೆರಡು ಗಂಟೆಯ ಪ್ಯಾಡೂ ಅವಳಿಗೇ.

ಹನ್ನೆರಡು ಗಂಟೆ ಎಂಬ ಮಾತಿನ ಒಳಗುಟ್ಟು ಏನು? ಬಹುತೇಕ ಪ್ಯಾಡ್‌ಗಳ ಮೇಲ್ಪದರ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಹಾಳೆ ಅಥವಾ ಸಿಂಥೆಟಿಕ್ ಬಟ್ಟೆ. ನಡುವೆ ಮರದ ತಿರುಳಿನಿಂದ ಮಾಡಿದ ಹತ್ತಿಯಂಥ ಪದರ, ಅದರಲ್ಲಿ ದ್ರವ ಹೀರಿ ಜೆಲ್ ಆಗುವ ರಾಸಾಯನಿಕ ಪುಡಿ. ಕೆಳಗೆ ಸೋರದಂತೆ ಮತ್ತೊಂದು ಪ್ಲಾಸ್ಟಿಕ್ ಹಾಳೆ, ಅಂಟು. ಜೆಲ್ ದ್ರವವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುವುದು ನಿಜ. ಆದರೆ ಅದು ಹೇಳುವುದು ಸೀರೆಗೆ ಕಲೆಯಾಗುವುದಿಲ್ಲ ಎಂದಷ್ಟೆ, ಚರ್ಮಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಎರಡು ಪ್ಲಾಸ್ಟಿಕ್ ಪದರಗಳ ಒಳಗೆ ಶಾಖ, ಬೆವರು, ತೇವ ಸೇರಿಕೊಂಡರೆ ಚರ್ಮ ಮೆತ್ತಗಾಗುತ್ತದೆ, ಉಜ್ಜಿ ಕೆಂಪಾಗುತ್ತದೆ. ಅದಕ್ಕೆ ಸುವಾಸನೆಯ ಪ್ಯಾಡ್ ಬೇರೆ ಆದರೆ ಕೇಳುವುದೇ ಬೇಡ. ಆ ಗುಲಾಬಿ, ಮಲ್ಲಿಗೆ ಘಮ ಬರುವುದು ಹೂವಿನಿಂದಲ್ಲ ಕಣ್ರೀ, ಕೆಮಿಕಲ್ಲಿನಿಂದ. ಸೂಕ್ಷ್ಮ ಚರ್ಮದವರಿಗೆ ಅಲರ್ಜಿ ತರುವುದರಲ್ಲಿ ಇಂಥ ಸುಗಂಧಗಳದ್ದು ಮುಂಚೂಣಿ.

ದೆಹಲಿಯ ಟಾಕ್ಸಿಕ್ಸ್ ಲಿಂಕ್ ಎಂಬ ಸಂಸ್ಥೆ 2022ರಲ್ಲಿ ನಮ್ಮ ಮಾರುಕಟ್ಟೆಯ 10 ಬಗೆಯ ಪ್ಯಾಡ್‌ಗಳನ್ನು ಪರೀಕ್ಷೆ ಮಾಡಿಸಿತ್ತು. ಎಲ್ಲದರಲ್ಲೂ ಥಾಲೇಟ್‌ಗಳು ಸಿಕ್ಕಿದವು. ಪ್ಲಾಸ್ಟಿಕ್ಕನ್ನು ಮೆದುವಾಗಿಸುವ, ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರಬಲ್ಲ ರಾಸಾಯನಿಕಗಳಿವು. ಬೇಗ ಆವಿಯಾಗುವ ಇನ್ನೊಂದು ಜಾತಿಯ ರಾಸಾಯನಿಕಗಳೂ ಇದ್ದವು. ‘ಆರ್ಗಾನಿಕ್’ ಎಂದು ಹೆಚ್ಚು ಬೆಲೆಗೆ ಮಾರುವವೂ ಇದರಿಂದ ಹೊರತಾಗಿರಲಿಲ್ಲ. ಸಿಕ್ಕ ಮಾತ್ರಕ್ಕೆ ಕಾಯಿಲೆ ಬಂದೇಬಿಡುತ್ತದೆ ಎಂದು ಗಾಬರಿಯಾಗಬೇಕಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳುವ ನಮಗೆ ಒಳಗೇನಿದೆ ಅಂತ ಗೊತ್ತಾಗಬೇಡವೇ? ಚಾಕಲೇಟಿನ ಪ್ಯಾಕೆಟ್ ಮೇಲೆ ಸಕ್ಕರೆ ಎಷ್ಟು, ಬಣ್ಣ ಯಾವುದು ಅಂತ ಅಚ್ಚು ಹಾಕುತ್ತಾರೆ. ಪ್ಯಾಡ್ ಪ್ಯಾಕೆಟ್ ಮೇಲೆ ಬಿಳಿ ಪ್ಯಾಂಟ್ ತೊಟ್ಟು ಕುಣಿಯುವ ಹುಡುಗಿಯ ಚಿತ್ರ ಹಾಕುತ್ತಾರೆ. 2017ರ ಜುಲೈನಲ್ಲಿ ಪ್ಯಾಡ್ ಮೇಲೆ ಶೇ 12 ಜಿಎಸ್‌ಟಿ ಹಾಕಿದಾಗ ಹೆಂಗಸರು ದನಿ ಎತ್ತಿದ್ದಕ್ಕೇ ಅಲ್ಲವೇ, ಮರುವರ್ಷ ಜುಲೈನಲ್ಲಿ ಅದು ಪೂರ್ತಿ ಹೋಗಿದ್ದು? ಒಳಗೆ ಏನು ಹಾಕಿದ್ದೀರಿ ಅಂತ ಕೇಳುವುದಕ್ಕೂ ಅಷ್ಟೇ ಗಟ್ಟಿ ದನಿ ಬೇಕು.

ಅಲ್ಲಿಯವರೆಗೆ ಕೊಳ್ಳುವಾಗ ಒಂದು ನಿಮಿಷ ನಿಂತು ಪ್ಯಾಕೆಟ್ ತಿರುಗಿಸಿ ನೋಡಿ. ಸುವಾಸನೆ ಇರುವುದು ಬೇಡ. ಮೇಲ್ಪದರ ಹತ್ತಿಯದಾದರೆ ಒಳ್ಳೆಯದು. ಐಎಸ್ 5405 ಎಂಬ ಸಂಖ್ಯೆ, ಐಎಸ್ಐ ಗುರುತು ಇದೆಯೇ ನೋಡಿ. ಅದು ಪ್ಯಾಡ್‌ಗಳಿಗೆಂದೇ ಇರುವ ಭಾರತೀಯ ಮಾನಕ, 2019ರಲ್ಲಿ ಪರಿಷ್ಕರಣೆಯಾಗಿದೆ. ಪ್ಯಾಡ್ ಎಷ್ಟೇ ದುಬಾರಿಯದಾಗಲಿ, ಒಣಗಿರುವಂತೆ ಕಂಡರೂ ಸರಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ. ಖರ್ಚಿನ ಮಾತು ಬಂದರೆ, ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡ್‌ಗಳಿಗೆ 2019ರಲ್ಲಿ ಒಂದಕ್ಕೆ ಒಂದೇ ರೂಪಾಯಿ ದರ ನಿಗದಿಯಾಯಿತು. ದುಬಾರಿಯದನ್ನು ದಿನಕ್ಕೆ ಎರಡು ಬಳಸುವುದಕ್ಕಿಂತ ಅಗ್ಗದ್ದನ್ನು ನಾಲ್ಕು ಸಲ ಬದಲಿಸುವುದು ವಾಸಿ. ಮನೆಗೆಲಸಕ್ಕೆ ಬರುವಾಕೆಗೂ ಈ ವಿಷಯ ಹೇಳಿ, ಅವಳಿಗೆ ಯಾರೂ ಹೇಳಿರುವುದಿಲ್ಲ.

ಹಾಗಾದರೆ ಅಜ್ಜಿ ಕಾಲದ ಬಟ್ಟೆಯೇ ಒಳ್ಳೆಯದಿತ್ತೇ? ಬಟ್ಟೆ ಎಂದರೆ ಕೊಳಕು ಎಂದು ಮೂಗು ಮುರಿಯುವವರಿದ್ದಾರೆ. ಹಳೆಯ ಹತ್ತಿ ಸೀರೆಯಷ್ಟು ಮೆತ್ತಗಿನ, ಗಾಳಿಯಾಡುವ ವಸ್ತು ಇನ್ನೊಂದಿಲ್ಲ. ತಪ್ಪಿದ್ದುದು ಬಟ್ಟೆಯಲ್ಲಲ್ಲ, ಒಣಗಿಸುವುದರಲ್ಲಿ. ‘ಕಾಗೆ ಮುಟ್ಟಿತು’ ಎಂದು ಹೊರಗೆ ಕೂರುತ್ತಿದ್ದ ಕಾಲದಲ್ಲಿ ಅದನ್ನು ಗಂಡಸರ ಕಣ್ಣಿಗೆ ಬೀಳದ ಹಾಗೆ ಹಿತ್ತಲ ಬಚ್ಚಲಿನ ಮೂಲೆಯಲ್ಲೋ, ಲಂಗದ ಅಡಿಯಲ್ಲೋ ಹಸಿಹಸಿಯಾಗಿ ಹರವುತ್ತಿದ್ದರು. ಅರೆಒಣಗಿದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯದೆ ಇನ್ನೇನು? ಇಂದಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲೂ ಅದೇ ಕಥೆ, ಟವೆಲಿನ ಕೆಳಗೆ ಬಚ್ಚಿಡುತ್ತೇವೆ. ಬಟ್ಟೆ ಅಥವಾ ಮರುಬಳಕೆಯ ಬಟ್ಟೆ ಪ್ಯಾಡ್ ಬಳಸುವವರು ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ (ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ). ಸೋಪಿನ ಅಂಶ ಪೂರ್ತಿ ಹೋಗಬೇಕು, ಬಿಸಿಲಲ್ಲಿ ಗರಿಗರಿಯಾಗಿ ಒಣಗಬೇಕು. ಯಾರಾದರೂ ನೋಡಿದರೆ ನೋಡಲಿ ಬಿಡಿ. ಮಳೆಗಾಲದಲ್ಲಿ ಇಸ್ತ್ರಿ ಹಾಕಿ.

ಇನ್ನು ಮುಟ್ಟಿನ ಕಪ್. ಹೆಣ್ಣುಮಕ್ಕಳು ಕಾಲೇಜಿನಲ್ಲಿ ಕೇಳಿಕೊಂಡು ಬಂದು ‘ಅಮ್ಮಾ, ತರಿಸಿಕೊಡು’ ಅಂತ ಹಟ ಮಾಡುತ್ತಿರುವುದು ಇದಕ್ಕೇ. 2023ರಲ್ಲಿ ರಾಜ್ಯ ಸರ್ಕಾರವೇ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಕಪ್ ಹಂಚಲು ಶುರು ಮಾಡಿತು. ಕೇರಳದ ಕುಂಬಳಂಗಿ ಪಂಚಾಯಿತಿಯಲ್ಲಿ 2022ರಲ್ಲಿ ಹೆಂಗಸರಿಗೆ ಕೊಟ್ಟರು. ಮೆಡಿಕಲ್ ದರ್ಜೆಯ ಸಿಲಿಕಾನ್‌ನ ಪುಟ್ಟ ಬಟ್ಟಲದು, ಮಡಚಿ ಒಳಗಿಟ್ಟರೆ ಬಿಚ್ಚಿಕೊಂಡು ಸ್ರಾವವನ್ನು ಹಿಡಿದಿಡುತ್ತದೆ. ಹೆಚ್ಚೆಂದರೆ ಹನ್ನೆರಡು ಗಂಟೆ ಇಡಬಹುದು. ಕೈ ತೊಳೆದು ತೆಗೆದು, ಖಾಲಿ ಮಾಡಿ, ತೊಳೆದು ಮತ್ತೆ ಹಾಕಿಕೊಳ್ಳುವುದು. ಮುಟ್ಟು ಮುಗಿದ ಮೇಲೆ ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಐದು ನಿಮಿಷ ಕುದಿಸಬೇಕು. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ, ದದ್ದು ಏಳಿಸುವುದೂ ಅಪರೂಪ. ಕಪ್ ಬಗ್ಗೆ ನಡೆದ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಲ್ಯಾನ್ಸೆಟ್ ಪತ್ರಿಕೆ ಬಳಗ 2019ರಲ್ಲಿ ಪ್ರಕಟಿಸಿದ ವರದಿಯೂ ಇದು ಸುರಕ್ಷಿತ ಎಂದೇ ಹೇಳಿತು. ಮೊದಲ ಎರಡು ಮೂರು ತಿಂಗಳು ಮಾತ್ರ ಕಿರಿಕಿರಿ, ಅಭ್ಯಾಸ ಬೇಕು. ಕಾಪರ್-ಟಿ ಹಾಕಿಸಿಕೊಂಡವರು, ಗರ್ಭಕೋಶ ಜಾರಿದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬೇಡಿ.

ಅಮ್ಮಂದಿರ ಅಳುಕು ಬೇರೆಯದೇ ಎಂಬುದು ಗೊತ್ತು. ‘ಮದುವೆಯಾಗದ ಹುಡುಗಿ ಹಾಕಿಕೊಂಡರೆ...?’ ಕನ್ಯಾಪೊರೆ ಹಿಗ್ಗುವ ಅಂಗಾಂಶ. ಕಪ್‌ನಿಂದ ಅದು ಹಿಗ್ಗಬಹುದು, ಕೆಲವೊಮ್ಮೆ ಸ್ವಲ್ಪ ಹರಿಯಲೂಬಹುದು. ಆಟ, ಓಟಗಳಿಂದಲೂ ಹಾಗಾಗುತ್ತದೆ. ಅದನ್ನು ನೋಡಿ ಹುಡುಗಿಯ ಬಗ್ಗೆ ಏನನ್ನೂ ಹೇಳಲಾಗದು. ಮೊನ್ನೆಮೊನ್ನೆ ಚಿಗಳಿ ತಿನ್ನಿಸಿ ಆರತಿ ಎತ್ತಿದ ಹನ್ನೆರಡರ ಪೋರಿಗೆ ಆತುರ ಬೇಡ, ಪ್ಯಾಡೇ ಸಾಕು. ಅವಳೇ ಓದಿ ತಿಳಿದು ಕೇಳಿದ ದಿನ ಗದರಬೇಡಿ.

ಟ್ಯಾಂಪೂನ್ ಬಳಸುವವರು ನಮ್ಮಲ್ಲಿ ಕಡಿಮೆ. ಬಳಸಿದರೆ ಎಂಟು ಗಂಟೆ ಮೀರಿಸಬೇಡಿ. 1980ರಲ್ಲಿ ಅಮೆರಿಕದಲ್ಲಿ ತುಂಬಾ ಹೀರುವ ಟ್ಯಾಂಪೂನ್‌ಗಳಿಂದ ‘ಟಾಕ್ಸಿಕ್ ಶಾಕ್’ ಎಂಬ ಸೋಂಕಿಗೆ ಹೆಂಗಸರು ಜೀವ ಕಳೆದುಕೊಂಡಿದ್ದರು. ತೀರಾ ಅಪರೂಪದ್ದೇ ಆದರೂ, ಟ್ಯಾಂಪೂನ್ ಅಥವಾ ಕಪ್ ಒಳಗಿದ್ದಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು, ತಲೆಸುತ್ತು ಬಂದರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಿ. ಬಳಸಿದ ಪ್ಯಾಡನ್ನು ಕಮೋಡಿಗೆ ಹಾಕದೆ ಪೇಪರ್‌ನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಕಸ ವಿಂಗಡಿಸುವವರದೂ ಬರಿಗೈಯೇ.

ಈಗ ಆ ಸಹೋದರಿಗೆ ಉತ್ತರ. ಪೌಡರ್, ಡೆಟಾಲ್ ಎರಡೂ ಬಿಡಿ. ಹೊರಭಾಗಕ್ಕೆ ಬರೀ ನೀರು ಸಾಕು, ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಸುವಾಸನೆಯಿಲ್ಲದ ಹತ್ತಿ ಮೇಲ್ಪದರದ ಪ್ಯಾಡ್ ಅಥವಾ ಬಿಸಿಲಲ್ಲಿ ಒಣಗಿದ ಬಟ್ಟೆಯನ್ನು ಎರಡು ತಿಂಗಳು ಬಳಸಿ ನೋಡಿ. ಆಗಲೂ ಉರಿ ಹೋಗದಿದ್ದರೆ, ವಾಸನೆಯ ಬಿಳಿಸೆರಗು ಇದ್ದರೆ, ಅದು ಸೋಂಕಿರಬಹುದು, ಚರ್ಮದ ವೈದ್ಯರೋ ಸ್ತ್ರೀರೋಗ ತಜ್ಞರೋ ನೋಡಬೇಕು. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ, ಪದೇ ಪದೇ ತುರಿಕೆಗೆ ಅದೂ ಕಾರಣ ಇರುತ್ತದೆ.

ಜೊತೆಗೆ ನೀವು ಕೇಳದೆ ಇದ್ದದ್ದು ಒಂದು. ‘ಈಚೆಗೆ ಹತ್ತು ದಿನ ಹೋಗುತ್ತೆ, ನಿಲ್ಲುವ ವಯಸ್ಸಲ್ವಾ’ ಎಂದು ನಡುವೆ ಬರೆದಿದ್ದೀರಿ. ಅಷ್ಟು ಸಲೀಸಾಗಿ ಬಿಡುವ ಮಾತಲ್ಲ ಅದು. ಏಳು ದಿನಕ್ಕಿಂತ ಹೆಚ್ಚು ಸ್ರಾವ, ಗಂಟೆಗೊಂದು ಪ್ಯಾಡ್ ಒದ್ದೆಯಾಗುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ, ಇವೆಲ್ಲ ಪರೀಕ್ಷೆ ಆಗಬೇಕಾದ ಲಕ್ಷಣಗಳು. ಫೈಬ್ರಾಯ್ಡ್ ಇರಬಹುದು, ಥೈರಾಯ್ಡ್ ಇರಬಹುದು, ಅಪರೂಪಕ್ಕೆ ಕ್ಯಾನ್ಸರೂ ಇರಬಹುದು. ಹೆಚ್ಚಿನವಕ್ಕೆ ಮಾತ್ರೆಯಲ್ಲೇ ಮದ್ದುಂಟು, ಗರ್ಭಕೋಶ ತೆಗೆಸಲೇಬೇಕು ಎಂದು ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ. ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದೂ ನೀವೇ ಬರೆದಿದ್ದೀರಲ್ಲ.

ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುವ ಅಡುಗೆಮನೆ ಕ್ಯಾಲೆಂಡರಿನಲ್ಲೇ ಈ ತಿಂಗಳಿಂದ ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್ ಅಂತ ಬರೆಯಿರಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ. ಹೋಗುವುದು ಮಾತ್ರ ಮುಂದಿನ ಮುಟ್ಟಿಗೆ ಕಾಯದೆ, ಈ ವಾರವೇ.